ಮುಹೂರ್ತವಿಲ್ಲದ ತಿಂಗಳಲ್ಲಿ ಮೈಸೂರು

ನನ್ನದು ಮದುವೆ ಫೋಟೊ ತೆಗೆಯುವ ಕೆಲಸ. ಮನೆ ಮೈಸೂರಿನ ಅಗ್ರಹಾರದಲ್ಲಿ, ಬೀದಿಗೆ ತೆರೆದುಕೊಂಡ ಕೋಣೆಯೇ ಸ್ಟುಡಿಯೊ. ಮುಹೂರ್ತಗಳಿರುವ ತಿಂಗಳುಗಳಲ್ಲಿ ಒಂದು ಛತ್ರದಿಂದ ಇನ್ನೊಂದು ಛತ್ರಕ್ಕೆ ಓಡುವುದೇ ಆಗುತ್ತದೆ. ಆಷಾಢ ಹುಟ್ಟಿತೆಂದರೆ ಫೋನು ತೆಪ್ಪಗಾಗುತ್ತದೆ. ಧನುರ್ಮಾಸದಲ್ಲೂ ಅದೇ ಕಥೆ. ಸಂಪಾದನೆಯಿಲ್ಲದ ಈ ದಿನಗಳಲ್ಲಿ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಊರು ಸುತ್ತುವುದು ನನ್ನ ರೂಢಿ. ಸುತ್ತಿ ಸುತ್ತಿ ಒಂದು ಮಾತು ಮನಸ್ಸಿಗೆ ಗಟ್ಟಿಯಾಗಿದೆ: ಒಳ್ಳೆಯ ಫೋಟೊ ಸಿಗುವ ಜಾಗ ಹುಡುಕಲು ನಕಾಶೆಗಿಂತ ಪಂಚಾಂಗ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮದುವೆಗೆ ಮುಂಚಿನ ಫೋಟೊ ತೆಗೆಸಲು ಬರುವ ಜೋಡಿಗಳು ಕೂತ ತಕ್ಷಣ ಕೇಳುವುದು, "ಲೊಕೇಶನ್ ಯಾವ್ದು ಮೇಡಂ?" ಅರಮನೆ, ಚಾಮುಂಡಿಬೆಟ್ಟ, ಫಿಲೋಮಿನಾ ಚರ್ಚು, ಲಲಿತಮಹಲು ಅಂತ ಪಟ್ಟಿ ಅವರ ಮೊಬೈಲಿನಲ್ಲೇ ಸಿದ್ಧವಾಗಿರುತ್ತದೆ. ಎಷ್ಟು ಹೊತ್ತಿಗೆ ಹೋಗಬೇಕು, ಯಾವ ದಿಕ್ಕಿಗೆ ನಿಲ್ಲಬೇಕು, ಆ ಹೊತ್ತಿನಲ್ಲಿ ಅಲ್ಲಿ ಯಾರು ಏನು ಮಾಡುತ್ತಿರುತ್ತಾರೆ ಎಂದು ಕೇಳುವವರು ಅಪರೂಪ. ಫೋಟೊದ ಹಣೆಬರಹ ತೀರ್ಮಾನವಾಗುವುದು ಈ ಮೂರರಲ್ಲೇ.

ಅರಮನೆಯನ್ನೇ ನೋಡಿ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಕಟ್ಟಡ 1912ರಲ್ಲಿ ಮುಗಿಯಿತು. ಅದರ ಮುಖ ಪೂರ್ವಕ್ಕೆ. ಮಧ್ಯಾಹ್ನ ಊಟ ಮುಗಿಸಿ, ಮೃಗಾಲಯ ನೋಡಿ, ನಾಲ್ಕು ಗಂಟೆಗೆ ಅರಮನೆಗೆ ಬರುವ ಪ್ರವಾಸಿಗರಿಗೆ ಸೂರ್ಯ ಕಟ್ಟಡದ ಬೆನ್ನಿಗೆ ಸರಿದಿರುತ್ತಾನೆ. ಕಮಾನುಗಳೆಲ್ಲ ಮಂಕು, ಹಿಂದಿನ ಆಕಾಶ ಬೆಳ್ಳಗೆ. ಅದೇ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಹೊಕ್ಕರೆ ಬಿಸಿಲು ನೇರ ಮುಖದ ಮೇಲೆ ಬಿದ್ದು, ಗುಲಾಬಿ ಬಣ್ಣದ ಗುಮ್ಮಟಗಳು, ಕಂಬಗಳ ಕೆತ್ತನೆ ಎಲ್ಲ ಎದ್ದು ಕಾಣುತ್ತವೆ.

ಇನ್ನು ದೀಪಾಲಂಕಾರ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಏಳರ ಹೊತ್ತಿಗೆ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಬಹುತೇಕ ಫೋಟೊಗಳಲ್ಲಿ ಕಪ್ಪು ಆಕಾಶದ ಮುಂದೆ ಹಳದಿ ಚುಕ್ಕಿಗಳಷ್ಟೇ ಕಾಣುವುದು ಏಕೆಂದರೆ, ದಸರೆಯಿಂದ ಸಂಕ್ರಾಂತಿಯವರೆಗೆ ಏಳು ಗಂಟೆಗೆ ಪೂರ್ತಿ ಕತ್ತಲಾಗಿರುತ್ತದೆ. ನವೆಂಬರಿನಲ್ಲಂತೂ ಸೂರ್ಯ ಆರಕ್ಕೂ ಮೊದಲೇ ಮುಳುಗುತ್ತಾನೆ. ಆಷಾಢದಲ್ಲಿ ಹಾಗಲ್ಲ. ಮುಳುಗುವುದೇ 6.50 ದಾಟಿ. ನಮ್ಮ ಸೀಮೆಯಲ್ಲಿ ಆಮೇಲೆ ಬೆಳಕು ಉಳಿಯುವುದು ಇಪ್ಪತ್ತು ನಿಮಿಷದ ಆಸುಪಾಸು. ದೀಪ ಹತ್ತುವುದು ಸರಿಯಾಗಿ ಆ ಇಪ್ಪತ್ತು ನಿಮಿಷದೊಳಗೆ. ಆಕಾಶ ಇನ್ನೂ ಗಾಢ ನೀಲಿ, ಕೆಳಗೆ ದೀಪ. ಎರಡೂ ಬೆಳಕು ಹೆಚ್ಚೂಕಡಿಮೆ ಸಮನಾಗಿರುವುದರಿಂದ ಮಾಮೂಲಿ ಮೊಬೈಲೂ ಎರಡನ್ನೂ ಹಿಡಿಯುತ್ತದೆ. ಮಧ್ಯಾಹ್ನ ಒಂದು ಜಡಿಮಳೆ ಬಂದಿದ್ದರಂತೂ ಅಂಗಳದಲ್ಲಿ ನಿಂತ ನೀರಿನಲ್ಲಿ ಇನ್ನೊಂದು ಅರಮನೆ. ಮೊಬೈಲನ್ನು ತಲೆಕೆಳಗು ಮಾಡಿ, ಲೆನ್ಸು ನೀರಿಗೆ ಹತ್ತಿರ ಬರುವಂತೆ ಹಿಡಿಯಿರಿ. ಅಂಗೈಯಗಲದ ನೀರಿದ್ದರೂ ಸಾಕು.

ಮದುವೆಗೆ ಆಗದ ಆಷಾಢ ಚಾಮುಂಡಿಬೆಟ್ಟಕ್ಕೆ ಜಾತ್ರೆಯ ತಿಂಗಳು. ಶುಕ್ರವಾರಗಳಂದು, ಅಮ್ಮನವರ ವರ್ಧಂತಿಯಂದು ಜನ ನಸುಕಿನಲ್ಲೇ ಬೆಟ್ಟದ ಪಾದ ಸೇರುತ್ತಾರೆ. ದೇವಸ್ಥಾನದ ಮುಂದಿನ ನೂಕುನುಗ್ಗಲಿನಲ್ಲಿ ಕ್ಯಾಮೆರಾ ಎತ್ತಲೂ ಜಾಗವಿರುವುದಿಲ್ಲ. ಆದ್ದರಿಂದ ನಾನು ನಿಲ್ಲುವುದು ಮೆಟ್ಟಿಲುಗಳ ಮೇಲೆ. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಎಡಗೈಯಲ್ಲಿ ಬಟ್ಟಲು. ಬಲಗೈಯ ಉಂಗುರ ಬೆರಳು ಬಟ್ಟಲಿಗೆ, ಬಟ್ಟಲಿನಿಂದ ಕಲ್ಲಿಗೆ. ಸಾವಿರ ಮೆಟ್ಟಿಲು ಬಗ್ಗಿ ಎದ್ದು ಬಗ್ಗಿ ಎದ್ದು ಸೊಂಟ ಹಿಡಿದರೂ ಒಂದನ್ನೂ ಬಿಡುವುದಿಲ್ಲ. ಸ್ವಲ್ಪ ಮೇಲಿನ ಮೆಟ್ಟಿಲಲ್ಲಿ ಕುಳಿತು ಕೆಳಮುಖವಾಗಿ ನೋಡಿದರೆ ಕೆಂಪು ಹಳದಿ ಚುಕ್ಕೆಗಳ ಸಾಲು ತಿರುವಿನವರೆಗೂ ಇಳಿದುಹೋಗಿರುತ್ತದೆ. ಯಾರ ಮುಖವೂ ಬೇಕಾಗಿಲ್ಲ, ಆ ಬೆರಳು, ಆ ಕಲ್ಲು, ಆ ಸಾಲು ಸಾಕು.

ಮೇಲೆ ನಂದಿ ಇದ್ದಾನೆ. ದೊಡ್ಡ ದೇವರಾಜ ಒಡೆಯರ ಕಾಲದ್ದು, ಸುಮಾರು 15 ಅಡಿ ಎತ್ತರ, 24 ಅಡಿ ಉದ್ದದ ಏಕಶಿಲೆ. ಎಣ್ಣೆ ಕುಡಿದು ಕಪ್ಪಗಾದ ಈ ಕಲ್ಲು ಕ್ಯಾಮೆರಾವನ್ನು ಏಮಾರಿಸುತ್ತದೆ. ಎದುರಿಗಿರುವುದೆಲ್ಲ ಕತ್ತಲೆ ಎಂದುಕೊಂಡು ಅದು ಬೆಳಕು ಹೆಚ್ಚಿಸಿಬಿಡುತ್ತದೆ. ನಂದಿ ಬೂದಿ ಬಣ್ಣಕ್ಕೆ ತಿರುಗಿ, ಕೊರಳ ಹೂವಿನ ಹಾರ ಬಿಳಿ ಮುದ್ದೆಯಾಗುತ್ತದೆ. ಮೊಬೈಲ್ ಪರದೆಯಲ್ಲಿ ಹಾರದ ಮೇಲೆ ಬೆರಳೊತ್ತಿ, ಬೆಳಕನ್ನು ಒಂದಿಷ್ಟು ಕೆಳಗೆಳೆದರೆ ಕಲ್ಲು ಕಲ್ಲಾಗಿ, ಹೂವು ಹೂವಾಗಿ ಬರುತ್ತದೆ. ಬೆಟ್ಟ ಇರುವುದು ಊರಿನ ಆಗ್ನೇಯಕ್ಕೆ. ಹಾಗಾಗಿ ಊರನ್ನು ಬಿಡಿಸಿ ಬಿಡಿಸಿ ತೋರಿಸಲು ಬೆಳಿಗ್ಗೆ ಒಳ್ಳೆಯದು, ಆಗ ಬಿಸಿಲು ನಿಮ್ಮ ಬೆನ್ನಿಗಿರುತ್ತದೆ. ಸಂಜೆ ಸೂರ್ಯ ಊರಿನಾಚೆ ಮುಳುಗುತ್ತಾನೆ, ಬಣ್ಣ ಸಿಗುತ್ತದೆ, ಕಟ್ಟಡಗಳು ಸಿಗುವುದಿಲ್ಲ.

ದೇವರಾಜ ಮಾರುಕಟ್ಟೆಗೆ ಬರುವ ಹೊರಗಿನವರೆಲ್ಲ ಮೊದಲು ನಿಲ್ಲುವುದು ಕುಂಕುಮದ ರಾಶಿಗಳ ಮುಂದೆ. ಗೋಪುರದ ಹಾಗೆ ಒತ್ತಿಟ್ಟ ಕೆಂಪು, ನೀಲಿ, ಹಸಿರು ಪುಡಿ. ಆ ಫೋಟೊ ಜಗತ್ತಿನಲ್ಲಿ ಈಗಾಗಲೇ ಸಾಕಷ್ಟಿದೆ. ನನ್ನ ಕಾಲು ಹೋಗುವುದು ಹೂವಿನ ಸಾಲಿಗೆ, ಅದೂ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ. ಸೂರಿನ ಸಂದಿಗಳಿಂದ, ಟಾರ್ಪಾಲಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತದೆ. ಮೂಟೆ ಬಿಚ್ಚಿ ಸೇವಂತಿಗೆ ಸುರಿದಾಗ, ನೀರು ಚಿಮುಕಿಸಿದಾಗ ಆ ಕೋಲುಗಳು ಇನ್ನೂ ಸ್ಪಷ್ಟವಾಗುತ್ತವೆ. ಹತ್ತು ಗಂಟೆ ದಾಟಿದರೆ ಬಿಸಿಲು ಏರಿ ಇದೆಲ್ಲ ಕರಗುತ್ತದೆ.

ಅಲ್ಲೊಬ್ಬರು ಮಲ್ಲಿಗೆ ಕಟ್ಟುವ ಅಜ್ಜಿ. ನಾನು ಕ್ಯಾಮೆರಾ ತೋರಿಸಿ ಕಣ್ಣಲ್ಲೇ ಕೇಳಿದಾಗ, "ಮುಖ ತೆಗೀಬೇಡ ಕಣಮ್ಮ, ಕೈ ಬೇಕಾದ್ರೆ ತೆಗ್ಕೊ" ಎಂದರು. ಪಕ್ಕದಲ್ಲಿ ಮೊಣಕಾಲೂರಿ ಕೂತೆ. ಒದ್ದೆ ಬಾಳೆನಾರಿನ ಒಂದು ತುದಿ ಕಾಲಿನ ಹೆಬ್ಬೆರಳಿಗೆ. ಎರಡು ಮೊಗ್ಗು ಈಚೆಗೆ, ಎರಡು ಆಚೆಗೆ, ನಾರು ಒಂದು ಸುತ್ತು, ಒಂದು ಜಗ್ಗು. ಗಿರಾಕಿಯೊಡನೆ ಮೊಳಕ್ಕೆಷ್ಟೆಂದು ಚೌಕಾಸಿ ನಡೆಯುತ್ತಿದ್ದರೂ ಕೈ ನಿಲ್ಲಲಿಲ್ಲ, ಕಣ್ಣು ಹೂವಿನ ಕಡೆ ಬರಲಿಲ್ಲ. ಉಗುರಿನ ಸಂದಿಯಲ್ಲಿ ಹಸಿರು ಕಲೆ. ಅವರು ಮುಖ ಬೇಡವೆಂದಿದ್ದರಿಂದಲೇ ನನಗೆ ಆ ಕೈ ಅಷ್ಟು ಹತ್ತಿರದಿಂದ ಕಂಡಿತು. ಆ ಚಿತ್ರದ ಪ್ರಿಂಟು ಹಾಕಿಸಿ ಕೊಟ್ಟ ಮೇಲೆ ಆ ಸಾಲಿನಲ್ಲಿ ನನಗೆ ಕೂರಲು ಒಂದು ಮಣೆಯೇ ಸಿಕ್ಕಿದೆ. ಕೇಳಿ ತೆಗೆಯಿರಿ, ಬೇಡವೆಂದರೆ ಬಿಡಿ, ತೆಗೆದರೆ ಒಂದು ಪ್ರತಿ ತಲುಪಿಸಿ. ಊರಿನೊಳಕ್ಕೆ ಹೋಗಲು ಇದಕ್ಕಿಂತ ಸಲೀಸು ದಾರಿ ನಾನು ಕಂಡಿಲ್ಲ.

ಮೈಸೂರು ಎಂದ ಮೇಲೆ ಜಂಬೂಸವಾರಿ ಬಿಡುವ ಹಾಗಿಲ್ಲ. ಆದರೆ ವಿಜಯದಶಮಿಯ ದಿನ ಬೆಳಗಿನಿಂದ ರಸ್ತೆ ಬದಿಯಲ್ಲಿ ಕಾದು ನಿಂತವರ ಫೋಟೊದಲ್ಲಿ ಅಂಬಾರಿಗಿಂತ ಮುಂದಿನವರ ತಲೆಗಳು, ಅವರು ಎತ್ತಿ ಹಿಡಿದ ಮೊಬೈಲುಗಳು ಹೆಚ್ಚು. ನನ್ನ ಸಲಹೆ, ತಾಲೀಮು ನೋಡಿ. ಗಜಪಯಣ ಮುಗಿಸಿ ಅರಮನೆ ಸೇರಿದ ಆನೆಗಳು ದಸರೆಗೆ ವಾರಗಟ್ಟಲೆ ಮೊದಲೇ ಬೆಳಿಗ್ಗೆ ಸಂಜೆ ಅದೇ ಹಾದಿಯಲ್ಲಿ, ಅಂದರೆ ಕೆ.ಆರ್. ವೃತ್ತ ದಾಟಿ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರ್ ನಡೆಯುತ್ತವೆ. ಮೊದಲು ಬರಿಮೈ, ಆಮೇಲೆ ಮರಳಿನ ಮೂಟೆ, ಕೊನೆಕೊನೆಗೆ ಮರದ ಅಂಬಾರಿ. ಹಬ್ಬದ ದಿನ ಹೊರಬೇಕಾದ ಚಿನ್ನದ ಅಂಬಾರಿ 750 ಕಿಲೋ ತೂಕದ್ದು, ಭಾರಕ್ಕೆ ಮೈ ಒಗ್ಗಬೇಕಲ್ಲ!

ಸಯ್ಯಾಜಿರಾವ್ ರಸ್ತೆ ದಕ್ಷಿಣೋತ್ತರವಾಗಿದೆ. ಬೆಳಿಗ್ಗೆ ಏಳೂವರೆ ಎಂಟರಲ್ಲಿ ಪೂರ್ವದ ಕಟ್ಟಡಗಳ ನೆರಳು ರಸ್ತೆಯನ್ನು ಮುಚ್ಚಿರುತ್ತದೆ. ಅಡ್ಡರಸ್ತೆ ಸೇರುವ ಕಡೆ ಮಾತ್ರ ಬಿಸಿಲಿನ ಪಟ್ಟಿ ಬಿದ್ದಿರುತ್ತದೆ. ಆ ಪಟ್ಟಿಯನ್ನು ಮೊದಲೇ ಗುರುತಿಸಿಕೊಂಡು, ಪಶ್ಚಿಮದ ಪಾದಚಾರಿ ಹಾದಿಯಲ್ಲಿ ಸ್ವಲ್ಪ ಮುಂದೆ ನಿಂತು ಕಾಯಿರಿ. ನೆರಳಿನಿಂದ ಆನೆ ಬಿಸಿಲಿಗೆ ಕಾಲಿಟ್ಟಾಗ ಕಿವಿಯ ಅಂಚು, ಸೊಂಡಿಲ ಸುಕ್ಕು, ಮಾವುತನ ಮುಖ ಎಲ್ಲ ಒಮ್ಮೆಲೇ ಬೆಳಗುತ್ತವೆ. ಹಿನ್ನೆಲೆಯಲ್ಲಿ ಷಟರ್ ಎತ್ತುವ ಅಂಗಡಿಯವರು, ಶಾಲೆಗೆ ಹೊರಟ ಮಕ್ಕಳು, ಹಾಲಿನ ಸ್ಕೂಟರು ಇದ್ದೇ ಇರುತ್ತವೆ. ಊರಿಗೂ ಆನೆಗೂ ಇರುವ ಸಲಿಗೆ ತಾಲೀಮಿನಲ್ಲಿ ಕಾಣುತ್ತದೆ, ಮೆರವಣಿಗೆಯಲ್ಲಿ ಅಲ್ಲ. ಫ್ಲ್ಯಾಷ್ ಮಾತ್ರ ಖಂಡಿತ ಬೇಡ, ಮಾವುತರು ಬೈಯುತ್ತಾರೆ, ಬೈಯುವುದು ನ್ಯಾಯವೇ.

ಧನುರ್ಮಾಸ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ. ಪೂಜೆ ಬೆಳಗಿನ ಜಾವಕ್ಕೇ ಮುಗಿಯಬೇಕಾದ್ದರಿಂದ ಅಗ್ರಹಾರ ಬೇಗ ಏಳುತ್ತದೆ. ಬೀದಿದೀಪದ ಕೆಳಗೆ ಬಗ್ಗಿ ರಂಗೋಲಿ ಬಿಡುವವರು, ದೇವಸ್ಥಾನದಿಂದ ದೊನ್ನೆಯಲ್ಲಿ ಬಿಸಿ ಹುಗ್ಗಿ ಹಿಡಿದು ಬರುವವರು, ಅದರಿಂದೇಳುವ ಹಬೆ. ಅದು ಮುಗಿಸಿ ನಾನು ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ. ಮಂಜು ನೀರಿನ ಮೇಲೆ ನಿಂತಿರುವಾಗ ಹೆಜ್ಜಾರ್ಲೆಗಳು ಮೊದಲು ಬರೀ ಆಕಾರವಾಗಿ, ಬಿಸಿಲು ಬಂದಂತೆ ಹಕ್ಕಿಗಳಾಗಿ ಕಾಣುತ್ತವೆ. ಇದೇ ತಿಂಗಳ ನಡುವೆ ಕ್ರಿಸ್ಮಸ್. ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿನ 175 ಅಡಿಯ ಜೋಡಿ ಗೋಪುರಗಳನ್ನು ಹತ್ತಿರ ನಿಂತು ಪೂರ್ತಿ ಹಿಡಿಯಲು ಹೋದರೆ ಎರಡೂ ಒಳಕ್ಕೆ ವಾಲಿಕೊಂಡು ಬರುತ್ತವೆ. ಹಿಂದಕ್ಕೆ ಸರಿಯಿರಿ. ಬೀದಿಯ ಅಂಗಡಿಗಳ ಮೇಲೆ, ವಿದ್ಯುತ್ ತಂತಿಗಳ ನಡುವೆ ಗೋಪುರ ಕಾಣಿಸಿಕೊಂಡರೆ ಅದು ಮೈಸೂರಿನ ಚರ್ಚು. ಬರೀ ಗೋಪುರವಾದರೆ ಯೂರೋಪಿನದೂ ಆಗಬಹುದು.

ನಮ್ಮೂರಿನ ಟಿ.ಎಸ್. ಸತ್ಯನ್ ಅವರ ಫೋಟೊಗಳನ್ನು ಆಗಾಗ ತೆಗೆದು ನೋಡುತ್ತೇನೆ. 1923ರಲ್ಲಿ ಹುಟ್ಟಿ 2009ರವರೆಗೆ ಬದುಕಿದ್ದ, ಪದ್ಮಶ್ರೀ ಪಡೆದ ಈ ಪತ್ರಿಕಾ ಛಾಯಾಗ್ರಾಹಕರ ಹೆಸರು ಉಳಿದಿರುವುದು ಹೆಚ್ಚಾಗಿ ಮಕ್ಕಳ, ಮಾಮೂಲಿ ಜನರ ಚಿತ್ರಗಳಿಂದ. ಅವುಗಳಲ್ಲಿ ಕಟ್ಟಡಕ್ಕಿಂತ ಅದರ ಮುಂದೆ ನಡೆಯುವ ಬದುಕೇ ದೊಡ್ಡದು. ಊರು ಯಾವುದಾದರೂ ಇರಲಿ, ಹುಡುಕುವ ಕ್ರಮ ಇಷ್ಟೇ: ಕಟ್ಟಡದ ಮುಖ ಯಾವ ದಿಕ್ಕಿಗೆಂದು ನೋಡಿ, ಅಲ್ಲಿನ ಕೆಲಸ ಎಷ್ಟು ಹೊತ್ತಿಗೆ ಶುರುವಾಗುತ್ತದೆಂದು ಹತ್ತಿರದ ಟೀ ಅಂಗಡಿಯಲ್ಲಿ ವಿಚಾರಿಸಿ, ಹಬ್ಬಕ್ಕಿಂತ ಹಬ್ಬದ ಹಿಂದಿನ ದಿನ ಹೋಗಿ. ಬೀದರಿಗೂ ಬಾದಾಮಿಗೂ ಇದು ಸಲ್ಲುತ್ತದೆ.

ಕೊನೆಯದಾಗಿ ಒಂದು ಕೆಲಸ. ಹಳೆಯ ಪುಸ್ತಕದಂಗಡಿಗಳಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಆಮೇಲೆ ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಅಲ್ಲಿ ಯಾವ ಕಮಾನಿನ ಕೆಳಗೆ ಯಾರ ಅಂಗಡಿ ಇತ್ತು, ಹೂವಿನ ಸಾಲು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ನಾಳೆ ಯಾರಾದರೂ ಕೇಳಿದರೆ ಉತ್ತರ ಸಿಗುವುದು ನಿಮ್ಮಂಥವರ ಮೊಬೈಲಿನಲ್ಲಿ. ಹಾಗಾಗಿ ತೆಗೆದ ಫೋಟೊವನ್ನು ಹಾಗೇ ಬಿಡದೆ ತಾರೀಖು, ಬೀದಿಯ ಹೆಸರು, ನಿಂತ ದಿಕ್ಕು ಬರೆದು ಇಡಿ. ಅಂದಗೆಟ್ಟಿದ್ದರೂ ಪರವಾಗಿಲ್ಲ, ವಿವರ ಬರೆದಿಟ್ಟ ಫೋಟೊ ಊರಿಗೆ ಉಪಯೋಗಕ್ಕೆ ಬರುತ್ತದೆ.