ಉಪಗ್ರಹಕ್ಕೆ ವಿಮಾನದ ಹೆಗಲು

ಜೋಯಿಡಾ ತಾಲೂಕಿನ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರು. ಅದರ ಮೇಲಿನಿಂದ ಕೈಬಿಟ್ಟ ಕಲ್ಲು ನೆಟ್ಟಗೆ ಕೆಳಗೆ ಬೀಳುತ್ತದೆ. ಬೀಸಿ ಎಸೆದರೆ ತುಸು ದೂರ ಸಾಗಿ ಬೀಳುತ್ತದೆ. ಗಾಳಿಯ ತಡೆಯಿಲ್ಲದ ಎತ್ತರದಲ್ಲಿ, ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್ ವೇಗದಿಂದ ಅಡ್ಡಲಾಗಿ ಎಸೆಯಬಲ್ಲೆವಾದರೆ, ಅದು ನೆಲಕ್ಕೆ ಬೀಳದೆ ಭೂಮಿಯನ್ನು ಸುತ್ತುತ್ತಲೇ ಇರುವುದು. ಉಪಗ್ರಹದ ಗುಟ್ಟು ಇಷ್ಟೇ.

ಹಾಗಾದರೆ ಎತ್ತರದಲ್ಲಿ ಹಾರುವ ಜೆಟ್ ವಿಮಾನದಿಂದಲೇ ರಾಕೆಟ್ಟನ್ನು ಬಿಡಬಾರದೇಕೆ? ಅಮೆರಿಕೆಯಲ್ಲಿ 1990ರ ಏಪ್ರಿಲ್ 5ರಂದು ಹಾಗೆಯೇ ಮಾಡಿದರು. ಬಿ-52 ವಿಮಾನದ ರೆಕ್ಕೆಯಡಿಯಿಂದ ಕಳಚಿಕೊಂಡ ಪೆಗಾಸಸ್ ರಾಕೆಟ್ಟು ಐದು ಸೆಕೆಂಡು ಕೆಳಗೆ ಬಿದ್ದು, ಬಳಿಕ ಉರಿಹೊತ್ತಿಸಿಕೊಂಡು ಮೇಲೇರಿತು.

ವಿಮಾನದಿಂದ ದೊರೆಯುವ ವೇಗ, ಬೇಕಾದುದರ ಮೂವತ್ತರಲ್ಲೊಂದು ಪಾಲು ಮಾತ್ರ. ನಿಜವಾದ ಲಾಭಗಳು ಬೇರೆ. 12 ಕಿಲೋಮೀಟರ್ ಎತ್ತರದಲ್ಲಿ ವಾಯುಮಂಡಲದ ಮುಕ್ಕಾಲು ಪಾಲಿಗೂ ಹೆಚ್ಚು ಗಾಳಿ ಕೆಳಗೇ ಉಳಿದಿರುತ್ತದೆ. ಉಡಾವಣೆಯ ದಿಕ್ಕನ್ನೂ ನಾವೇ ಆರಿಸಿಕೊಳ್ಳಬಹುದು. ಶ್ರೀಹರಿಕೋಟೆಯಿಂದ ಧ್ರುವಕಕ್ಷೆಗೆ ಹೊರಟ ರಾಕೆಟ್ಟು ಶ್ರೀಲಂಕೆಯನ್ನು ಬಳಸಿ ಹೋಗಬೇಕು; ಅದಕ್ಕೆ ಇಂಧನದ ದಂಡ ತೆರಬೇಕು. ವಿಮಾನವಾದರೋ ತೆರವಾದ ಕಡಲಿನ ಮೇಲಿಂದ ರಾಕೆಟ್ಟನ್ನು ಬಿಡಬಲ್ಲುದು.

ಆದರೆ ವಿಮಾನ ಹೊರುವ ಭಾರಕ್ಕೆ ಮಿತಿಯುಂಟು, ಖರ್ಚೂ ಕಡಿಮೆಯಲ್ಲ. ಬೋಯಿಂಗ್ 747ರಿಂದ 2021ರಲ್ಲಿ ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿದ ವರ್ಜಿನ್ ಆರ್ಬಿಟ್ ಸಂಸ್ಥೆ 2023ರಲ್ಲಿ ಮುಚ್ಚಿಹೋಯಿತು. ನಮ್ಮ ದೇಶ ಹಿಡಿದದ್ದು ನೆಲದ ದಾರಿಯನ್ನೇ. 500 ಕಿಲೋ ಹೊರಬಲ್ಲ ಚಿಕ್ಕ ರಾಕೆಟ್ಟು ಎಸ್‌ಎಸ್‌ಎಲ್‌ವಿ 2023ರ ಫೆಬ್ರುವರಿಯಲ್ಲಿ ಗೆದ್ದಿತು. ನೇರವಾಗಿ ದಕ್ಷಿಣಕ್ಕೆ ಹಾರಿಸಲೆಂದು ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ ಹೊಸ ಉಡಾವಣಾ ಕೇಂದ್ರಕ್ಕೆ 2024ರಲ್ಲಿ ಅಡಿಗಲ್ಲಿಟ್ಟರು.

ದಾಂಡೇಲಿಯ ಕಾಡುಗಿಚ್ಚನ್ನೂ ಹಳಿಯಾಳ, ಮುಂಡಗೋಡಗಳ ಕೆರೆಯ ನೀರನ್ನೂ ಮೇಲಿನಿಂದ ಕಾಣಬಲ್ಲ ಕಣ್ಣು ಉಪಗ್ರಹ. ಅದು ಯಾವ ಹೆಗಲೇರಿ ಹೋದರೂ ಸರಿ, ಬೇಕಾದ ಹೊತ್ತಿಗೆ ಮಿತವ್ಯಯದಲ್ಲಿ ತನ್ನ ಕಕ್ಷೆಯನ್ನು ಸೇರುವುದೇ ಮುಖ್ಯ.