ಒಂದು ಕಾದಂಬರಿ, ಎರಡು ಲಿಪಿ

ಕಳೆದ ಆಟಿ ತಿಂಗಳ ಒಂದು ರಾತ್ರಿ. ಹೊರಗೆ ಜಡಿಮಳೆ, ಒಳಗೆ ಕರೆಂಟಿಲ್ಲ. ಮರುದಿನದ ಸಾಂಬಾರಿಗೆಂದು ಹಲಸಿನ ಬೀಜ ಸುಲಿಯುತ್ತ ಕುಳಿತಿದ್ದೆ. ನಿರಂಜನರ 'ಚಿರಸ್ಮರಣೆ'ಯನ್ನು ಅರ್ಧ ಓದಿ ಇಟ್ಟಿದ್ದೆ. ಕೈ ಬಿಡುವಿಲ್ಲವಲ್ಲ ಎಂದು ಮಗಳ ಮುಂದೆ ಪುಸ್ತಕ ಇಟ್ಟು, "ಎರಡು ಪುಟ ಗಟ್ಟಿಯಾಗಿ ಓದು" ಎಂದೆ.

ಒತ್ತಕ್ಷರ ಬಂದಲ್ಲೆಲ್ಲ ಅವಳು ತಡೆದು ನಿಂತಳು. ಎರಡು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. "ಮಲಯಾಳದಲ್ಲಾದರೆ ಬೇಗ ಓದುತ್ತೇನೆ ಅಮ್ಮಾ" ಎಂದಳು. ಅಲ್ಲೇ ಕುಳಿತಿದ್ದ ಅತ್ತೆ, "ಊರ ಮಕ್ಕಳಿಗೆ ಕಲಿಸುವವಳು ನೀನು" ಎಂದಷ್ಟೇ ಹೇಳಿ ಮಲಗಲು ಎದ್ದರು.

ತಪ್ಪು ಮಗಳದಲ್ಲ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರು ನಾವು. ಅವಳನ್ನು ಮಾತ್ರ ಎಂಟನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದೆವು. ಮುಂದಿನ ಓದಿಗೆ ಅನುಕೂಲ ಎಂದು ಸಹಿ ಹಾಕಿದವಳು ಕನ್ನಡ ಮಾಧ್ಯಮದ ಅಧ್ಯಾಪಿಕೆಯಾದ ನಾನೇ.

'ಚಿರಸ್ಮರಣೆ' ನಮ್ಮ ಜಿಲ್ಲೆಯದೇ ಕಥೆ. ತೇಜಸ್ವಿನಿ ಹೊಳೆಯ ದಂಡೆಯ ಕಯ್ಯೂರಿನಲ್ಲಿ 1941ರಲ್ಲಿ ರೈತರು ಜಮೀನ್ದಾರರ ವಿರುದ್ಧ ಎದ್ದು ನಿಂತರು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಅವರಲ್ಲಿ ನಾಲ್ವರಿಗೆ ಗಲ್ಲಾಯಿತು. ಆಗ ಕಯ್ಯೂರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕೇರಳಕ್ಕೆ ಸೇರಿದ್ದು 1956ರಲ್ಲಿ. ನೀಲೇಶ್ವರದ ಶಾಲೆಯಲ್ಲಿ ಓದಿದ್ದ ನಿರಂಜನರು ಮಲಯಾಳಿ ರೈತರ ಆ ಕಥೆಯನ್ನು 1955ರಲ್ಲಿ ಕನ್ನಡಕ್ಕೆ ಕೊಟ್ಟರು.

ಅದಕ್ಕೆ ಮಲಯಾಳ ಅನುವಾದವಿದೆಯೆಂದು ಹೇಳಿದೆ. ಮಗಳು ವಾಚನಾಲಯದಿಂದ ಅದನ್ನು ತಂದಳು. ಅಂದಿನಿಂದ ಊಟಕ್ಕೆ ಮುಂಚೆ ಅರ್ಧ ಗಂಟೆ ನಮ್ಮದೊಂದು ಕ್ರಮವಾಯಿತು. ಅವಳು ಮಲಯಾಳದಲ್ಲಿ ಒಂದಿಷ್ಟು ಓದಬೇಕು, ಅದನ್ನೇ ನಾನು ಕನ್ನಡದಲ್ಲಿ ಓದಬೇಕು. ಆ ಕಡೆಯ ಮನೆಮಾತಿನ ರೀತಿಯನ್ನು ಅವಳು ನನಗೆ ಬಿಡಿಸಿ ಹೇಳಿದಳು. ಕನ್ನಡದ ಪದಗಳನ್ನು ನಾನು ಅವಳಿಗೆ ಬಿಡಿಸಿದೆ. ನನಗಿಂತ ಅವಳೇ ಹೆಚ್ಚು ಕಲಿಸಿದಳೆಂದರೂ ಸರಿಯೇ.

ಆ ಕಾದಂಬರಿಯಲ್ಲಿ ಅಪ್ಪು, ಚಿರುಕಂಡ ಎಂಬ ಹುಡುಗರಿಗೆ ಕಣ್ಣು ತೆರೆಸುವವರು ಶಾಲೆಯ ಮಾಸ್ತರರು. ಅವರ ಪಾಠ ಶಾಲೆಯ ಗಂಟೆಯೊಂದಿಗೆ ಮುಗಿಯುವುದಿಲ್ಲ. ನನ್ನದು ಇಷ್ಟು ವರ್ಷ ಅಲ್ಲಿಗೇ ಮುಗಿಯುತ್ತಿತ್ತು. ಮನೆಗೆ ಬಂದ ಮೇಲೆ ಒಲೆ, ಬಟ್ಟೆ, ಉತ್ತರ ಪತ್ರಿಕೆಗಳ ಕಟ್ಟು.

ನಮ್ಮ ಮಕ್ಕಳು ಮಲಯಾಳ ಕಲಿಯಲೇಬೇಕು, ಅದು ನಮ್ಮ ನೆರೆಯವರ ಮಾತು. ಮಕ್ಕಳಿಗೆ ಯಾವ ಶಾಲೆ ಎಂಬುದು ಆಯಾ ಮನೆಯ ಪರಿಸ್ಥಿತಿಗೆ ಬಿಟ್ಟದ್ದು. ಆದರೆ ಶಾಲೆ ಬಿಟ್ಟ ಅಕ್ಷರವನ್ನು ಮನೆಯೂ ಬಿಟ್ಟರೆ ಮತ್ತೆ ಹಿಡಿಯುವವರು ಯಾರು?

ಗಲ್ಲಿನ ದಿನ ಹತ್ತಿರವಾಗುವ ಪುಟಗಳಿಗೆ ಬಂದಾಗ ಮಗಳು ಮಲಯಾಳ ಪುಸ್ತಕವನ್ನು ಮುಚ್ಚಿಟ್ಟಳು. "ಇದನ್ನು ನಾನೇ ಕನ್ನಡದಲ್ಲಿ ಓದುತ್ತೇನೆ, ನಿಧಾನವಾದರೂ ತೊಂದರೆಯಿಲ್ಲ" ಎಂದಳು. ಒತ್ತಕ್ಷರಗಳಲ್ಲಿ ಈಗಲೂ ತಡೆಯುತ್ತಾಳೆ. ಅಂದು ಊಟ ತಡವಾಯಿತು. ಅತ್ತೆಯೂ ಏಳದೆ ಕೇಳುತ್ತಿದ್ದರು.