ಕೆಲಸದ ಮಾತು, ಹೆದರಿಕೆ ಯಾಕೆ?

ಔರಾದ್, ಭಾಲ್ಕಿಯಿಂದ ಬೀದರಿಗೆ ನಾವು ಕೆಲಸ ಕೇಳಿಕೊಂಡು ಬರುತ್ತೇವೆ. ಹಾಸ್ಟೆಲಿನ ಅಡುಗೆ, ಆಸ್ಪತ್ರೆಯ ಆಯಾ ಕೆಲಸ. ಒಳಗೆ ಕರೆದು ಮಾತಾಡಿಸ್ತಾರೆ. ಇದೇ ಸಂದರ್ಶನ.

50 ಮಂದಿ ಊಟಕ್ಕೆ ಅಕ್ಕಿ ಎಷ್ಟು ಬೇಕು ಅಂತ ಕೇಳಬಹುದು. ಅದು ನಮಗೆ ಗೊತ್ತಿಲ್ವಾ? ಗೊತ್ತಿದ್ದದ್ದು ಹೇಳೋಣ. ಗೊತ್ತಿಲ್ಲದ್ದಕ್ಕೆ 'ಕಲಿತೀನಿ' ಅನ್ನೋಣ. ಔರಾದ್ ಕಡೆ ಮರಾಠಿ ಮನೆಮಾತಿನವರು ಬಹಳ. ನಡುವೆ ಮರಾಠಿ ಬಂದರೆ ನಾಚಿಕೆ ಬೇಡ.

ಆಧಾರ್ ಜೆರಾಕ್ಸ್ ಕೊಡೋಣ. ಅಸಲು ತೋರಿಸಿ ವಾಪಸ್ ತಗೊಳ್ಳೋಣ. ಸರ್ಕಾರಿ ಕೆಲಸವಾದರೆ 371(ಜೆ) ಪತ್ರ ಮಾಡಿಸೋಣ. 2013ರಿಂದ ಬೀದರ್ ಜಿಲ್ಲೆಯವರಿಗೂ ಇದರ ಮೀಸಲಾತಿ ಇದೆ. ಪತ್ರ ಕೊಡುವವರು ಸಹಾಯಕ ಆಯುಕ್ತರು.

'ಮೊದಲು ರೊಕ್ಕ ಕೊಡು' ಅಂದರೆ ಎದ್ದು ಬರೋಣ. ಪಗಾರ, ರಜೆ ನಾವೂ ಕೇಳೋಣ. ಹೆಬ್ಬೆಟ್ಟು ಒತ್ತೋ ಕಾಲ ಹೋಯ್ತು. ಕಾಗದ ಓದೋಣ. ಹೇಳಿದಷ್ಟೇ ಪಗಾರ ಬರೆದಿದ್ದರೆ ಸಹಿ ಮಾಡೋಣ.